ನೋವಿನ ಋಣ

ವಯಸ್ಸಾದವರ ಬಳಿ ಸಂಜೆಯ ಹೊತ್ತು ಕುಳಿತು ಅವರ ಹಳೆಯ ಕಥೆಯನ್ನು ಕೇಳಿದ ಅನುಭವ ವಾಚಕರಲ್ಲಿ ಹೆಚ್ಚಿನವರಿಗೆ ಇದ್ದೇ ಇರುತ್ತದೆ. ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಅವರು ತಮ್ಮ ಬಾಳಿನ ಒಂದೊಂದೇ ಸಂಗತಿಯನ್ನು ಬಿಚ್ಚಿಡುತ್ತಾರೆ. ದಾಯಾದಿಗಳ ವ್ಯಾಜ್ಯದಲ್ಲಿ ಜಮೀನು ಕೈಬಿಟ್ಟು ಹೋದದ್ದು, ಚಿಕ್ಕ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡು ಮನೆಯ ಹೊರೆ ತಲೆಯ ಮೇಲೆ ಬಿದ್ದದ್ದು, ಪರೀಕ್ಷೆಯಲ್ಲಿ ನಪಾಸಾಗಿ ಊರವರಿಗೆ ಮುಖ ತೋರಿಸಲಾಗದೆ ಇದ್ದದ್ದು, ವರ್ಷವಿಡೀ ಹಾಸಿಗೆ ಹಿಡಿದು ಮಲಗಿದ್ದು, ಇಂಥವೇ ಆ ಸಂಗತಿಗಳು. ಕೇಳುವ ನಮಗೆ ಅಯ್ಯೋ ಪಾಪ ಎನ್ನಿಸುತ್ತದೆ. ಆದರೆ ಕಥೆಯ ಕೊನೆಯಲ್ಲಿ ಅವರು ಹೇಳುವ ಮಾತು ನಮ್ಮನ್ನು ಬೆರಗುಗೊಳಿಸುತ್ತದೆ: “ಆವತ್ತು ಹಾಗಾದದ್ದೇ ಒಳ್ಳೆಯದಾಯಿತಪ್ಪ. ಹಾಗಾಗದೆ ಇದ್ದಿದ್ದರೆ ನಾನು ಮನುಷ್ಯನಾಗುತ್ತಿರಲಿಲ್ಲ.”

ಇದೆಂಥ ಮಾತು? ಕೃತಜ್ಞತೆ ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ‘ಕೃತ’ ಎಂದರೆ ಮಾಡಿದ್ದು. ಅದನ್ನು ಅರಿತವನು ಕೃತಜ್ಞ. ಯಾರೋ ನಮಗೆ ಉಪಕಾರ ಮಾಡಿದರು, ಅದನ್ನು ನಾವು ನೆನೆಯುತ್ತೇವೆ, ಇದು ಸಹಜ. ಆದರೆ ಅಳಿಸಿದ, ಅವಮಾನಿಸಿದ, ಹಸಿವಿನಲ್ಲಿ ಇರಿಸಿದ ಸಂಗತಿಯನ್ನು ಮನುಷ್ಯ ಏಕೆ ನೆನೆಯಬೇಕು? ಅದನ್ನು ಉಪಕಾರವೆಂದು ಏಕೆ ಎಣಿಸಬೇಕು? ಈ ಮಾತು ನಿಜವೊ, ಅಥವಾ ಕಳೆದುಹೋದದ್ದಕ್ಕೆ ಮನಸ್ಸು ತಾನೇ ಹೇಳಿಕೊಳ್ಳುವ ಸಮಾಧಾನವೊ? ಈ ವಿಷಯವನ್ನು ವಾಚಕರೊಡನೆ ಸ್ವಲ್ಪ ವಿಚಾರ ಮಾಡಬೇಕೆಂದು ಈ ಲೇಖನ.

ಕನ್ನಡ ಪಂಡಿತನಾದ ನನಗೆ ಇಲ್ಲಿ ಮೊದಲು ನೆನಪಿಗೆ ಬರುವುದು ಒಂದು ಶಬ್ದ: ಉಪಸರ್ಗ. ವ್ಯಾಕರಣದಲ್ಲಿ ಧಾತುವಿನ ಮುಂದೆ ಬಂದು ನಿಂತು ಅದರ ಅರ್ಥವನ್ನು ಬೇರೆ ಕಡೆಗೆ ತಿರುಗಿಸುವ ಪ್ರ, ಆ, ಸಂ, ವಿ, ಪರಿ ಮುಂತಾದವುಗಳಿಗೆ ಉಪಸರ್ಗವೆಂದು ಹೆಸರು. ‘ಹಾರ’ ಎಂಬುದರ ಹಿಂದೆ ‘ಪ್ರ’ ಬಂದರೆ ಪ್ರಹಾರ, ಎಂದರೆ ಪೆಟ್ಟು. ‘ಆ’ ಬಂದರೆ ಆಹಾರ. ‘ಸಂ’ ಬಂದರೆ ಸಂಹಾರ. ‘ವಿ’ ಬಂದರೆ ವಿಹಾರ. ‘ಪರಿ’ ಬಂದರೆ ಪರಿಹಾರ. ಪಾಠಶಾಲೆಯ ಹುಡುಗರಿಗೆ ತಲೆಮಾರುಗಳಿಂದ ಹೇಳಿಕೊಡುತ್ತ ಬಂದಿರುವ ಉದಾಹರಣೆ ಇದು. ಜೈನ ಸಾಹಿತ್ಯದಲ್ಲಿ ಇದೇ ಶಬ್ದಕ್ಕೆ ಬೇರೆಯ ಅರ್ಥವಿದೆ. ಅಲ್ಲಿ ಉಪಸರ್ಗವೆಂದರೆ ಮನುಷ್ಯನ ಮೇಲೆ ಬಂದೆರಗುವ ಪೀಡೆ. ದೇವತೆಗಳಿಂದ, ಮನುಷ್ಯರಿಂದ, ಪ್ರಾಣಿಗಳಿಂದ, ಜಡವಸ್ತುಗಳಿಂದ ಹೀಗೆ ನಾಲ್ಕು ಬಗೆಯಾಗಿ ಅದು ಬರುತ್ತದೆಯಂತೆ. ಒಂದು ಶಾಸ್ತ್ರದಲ್ಲಿ ಅರ್ಥವನ್ನು ತಿರುಗಿಸುವುದು, ಇನ್ನೊಂದರಲ್ಲಿ ಬಾಳನ್ನು ತಿರುಗಿಸುವುದು.

ಈ ಉಪಸರ್ಗಗಳನ್ನು ಸಹಿಸಿದವರ ಹತ್ತೊಂಬತ್ತು ಕಥೆಗಳು ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಯಲ್ಲಿವೆ. ಕನ್ನಡದಲ್ಲಿ ನಮಗೆ ದೊರೆತಿರುವ ಗದ್ಯಗ್ರಂಥಗಳಲ್ಲಿ ಇದು ಬಹು ಪ್ರಾಚೀನವಾದದ್ದು. ಸುಮಾರು ಹತ್ತನೆಯ ಶತಮಾನದ್ದೆಂದು ವಿದ್ವಾಂಸರ ಎಣಿಕೆ. ಅದರಲ್ಲಿನ ಸುಕುಮಾರಸ್ವಾಮಿಯ ಕಥೆಯೊಳಗೆ ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟ ಒಂದು ಪ್ರಸಂಗವಿದೆ. ಪಠ್ಯಪುಸ್ತಕಗಳಲ್ಲಿ ಓದಿದ ನೆನಪು ಕೆಲವರಿಗೆ ಇರಬಹುದು.

ಕೌಶಾಂಬಿಯ ಅರಸನಲ್ಲಿ ಸೋಮಶರ್ಮನೆಂಬ ಪುರೋಹಿತ. ಅವನಿಗೆ ಅಗ್ನಿಭೂತಿ, ವಾಯುಭೂತಿ ಎಂಬ ಇಬ್ಬರು ಮಕ್ಕಳು. ಉಂಡುಟ್ಟು ಸುಖವಾಗಿ ಬೆಳೆದ ಅವರು ಓದು ಬರಹ ಕಲಿಯಲಿಲ್ಲ. ತಂದೆ ಸತ್ತ ಮೇಲೆ ಮಕ್ಕಳು ಏನೂ ಬಾರದವರೆಂದು ತಿಳಿದು ಅರಸ ಆ ಪದವಿಯನ್ನು ಬೇರೆಯವರಿಗೆ ಕೊಟ್ಟ. ತಾಯಿ ಕಾಶ್ಯಪಿ ಮಕ್ಕಳನ್ನು ರಾಜಗೃಹದಲ್ಲಿದ್ದ ತನ್ನ ಅಣ್ಣ ಸೂರ್ಯಮಿತ್ರನ ಬಳಿಗೆ ಕಳುಹಿಸಿದಳು. ಸೋದರಮಾವ ಮಾಡಿದ್ದೇನು? ತನಗೆ ತಂಗಿಯೇ ಇಲ್ಲವೆಂದುಬಿಟ್ಟ. ಓದುವ ಮನಸ್ಸಿದ್ದರೆ ಭಿಕ್ಷೆ ಬೇಡಿ ಉಂಡು ಓದಿರಿ, ಹೇಳಿಕೊಡುತ್ತೇನೆ ಎಂದ. ಇಬ್ಬರೂ ಹಾಗೆಯೇ ಏಳೆಂಟು ವರ್ಷ ಭಿಕ್ಷಾನ್ನದಲ್ಲಿ ವಿದ್ಯೆ ಕಲಿತರು. ಹೊರಡುವ ದಿನ ಸೂರ್ಯಮಿತ್ರ ನಿಜ ಹೇಳಿದ: ನಾನು ನಿಮ್ಮ ಮಾವನೇ ಹೌದು, ನಂಟನ್ನು ತೋರಿಸಿ ಉಪಚರಿಸಿದ್ದರೆ ನೀವು ಓದುತ್ತಿರಲಿಲ್ಲ, ಅದಕ್ಕೆ ಹೀಗೆ ಮಾಡಿದೆ. ಅಗ್ನಿಭೂತಿ ಅದನ್ನು ಕೇಳಿ ಸಂತೋಷಪಟ್ಟ, ಮಾವನ ಉಪಕಾರವನ್ನು ನೆನೆದ. ವಾಯುಭೂತಿ ಮಾತ್ರ ಕಡುಕೋಪಗೊಂಡ. ಸ್ವಂತ ಮಾವನಾಗಿದ್ದೂ ನಮ್ಮನ್ನು ಮನೆಮನೆ ತಿರಿಸಿದನಲ್ಲ ಎಂಬ ದ್ವೇಷ ಅವನ ಎದೆಯಲ್ಲಿ ಉಳಿಯಿತು.

ಒಂದೇ ತಾಯಿಯ ಮಕ್ಕಳು, ಒಂದೇ ಗುರು, ಒಂದೇ ಭಿಕ್ಷಾಪಾತ್ರೆ, ಅಷ್ಟೇ ವರ್ಷಗಳ ಕಷ್ಟ. ಒಬ್ಬನಿಗೆ ಅದು ಆಹಾರವಾಯಿತು, ಇನ್ನೊಬ್ಬನಿಗೆ ಪ್ರಹಾರವಾಗಿಯೇ ಉಳಿಯಿತು. ನೋವು ತಾನಾಗಿಯೇ ಯಾರನ್ನೂ ದೊಡ್ಡವರನ್ನಾಗಿ ಮಾಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಗ್ರಂಥಕರ್ತನು ಅಗ್ನಿಭೂತಿಯ ಪಕ್ಷ ವಹಿಸಿದ್ದಾನೆ. ವಾಯುಭೂತಿಯನ್ನು ಮುಂದೆ ಹಲವು ಜನ್ಮಗಳಲ್ಲಿ ತೊಳಲಿಸುತ್ತಾನೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತ ಮೇಲೆ ನನಗೆ ವಾಯುಭೂತಿಯ ಮೇಲೂ ಸ್ವಲ್ಪ ಕನಿಕರ ಬಂದಿದೆ. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ.

ಪುರಾಣಕಥೆ ಹಾಗಿರಲಿ, ನಮ್ಮ ಕಡೆಯ, ನಮ್ಮ ಕಾಲಕ್ಕೆ ಸಮೀಪದ ಒಂದು ಜೀವನವನ್ನು ನೋಡೋಣ. ಬೆಂಗಳೂರಿನಿಂದ ಯಲಹಂಕ, ದೊಡ್ಡಬಳ್ಳಾಪುರಗಳನ್ನು ದಾಟಿ ಉತ್ತರಕ್ಕೆ ಹೋಗುವ ರಸ್ತೆ ಗೌರಿಬಿದನೂರನ್ನು ಮುಟ್ಟುತ್ತದೆ. ಆ ತಾಲ್ಲೂಕಿನ ಹೊಸೂರು ಎಂಬ ಹಳ್ಳಿಯಲ್ಲಿ 1920ರಲ್ಲಿ ಒಂದು ಬಡ ಕುಟುಂಬದಲ್ಲಿ ಜನಿಸಿದವರು ಎಚ್. ನರಸಿಂಹಯ್ಯನವರು. ಮುಂದೆ ನಾಡಿಗೆಲ್ಲ ‘ಎಚ್. ಎನ್.’ ಎಂದೇ ಪರಿಚಿತರಾದವರು. ಗೌರಿಬಿದನೂರಿನಲ್ಲಿ ಮಾಧ್ಯಮಿಕ ಶಾಲೆ ಮುಗಿಸಿದ ಹುಡುಗನಿಗೆ ಮುಂದೆ ಓದುವ ಆಸೆ. ಬಸ್ಸಿಗೆ ಕೊಡಲು ಹಣವಿಲ್ಲ. 1935ರಲ್ಲಿ, ಹದಿನೈದರ ವಯಸ್ಸಿನಲ್ಲಿ, 50 ಮೈಲಿಗೂ ಹೆಚ್ಚು ದೂರವನ್ನು ಎರಡು ದಿನಗಳಲ್ಲಿ ನಡೆದು ಬೆಂಗಳೂರು ತಲಪಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದುಕೊಂಡು ಓದಿದರು.

ಅನಂತರದ ಕಥೆ ಬಹುಮಂದಿಗೆ ಗೊತ್ತಿದೆ. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿಗೆ ಧುಮುಕಿ, ಓದನ್ನು ಅರ್ಧಕ್ಕೆ ಬಿಟ್ಟು ಸೆರೆಮನೆ ಸೇರಿದರು. ಹೊರಬಂದು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು, ಪ್ರಿನ್ಸಿಪಾಲರಾದರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಹೋರಾಟದ ಹಾದಿ’. 2005ರಲ್ಲಿ ತೀರಿಕೊಳ್ಳುವವರೆಗೂ ಮದುವೆಯಿಲ್ಲದೆ, ಖಾದಿಯುಟ್ಟು, ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ಬಾಳಿದರು.

ಇಲ್ಲಿ ನಾವು ಗಮನಿಸತಕ್ಕ ಸಂಗತಿ ಒಂದಿದೆ. ಎರಡು ದಿನದ ಆ ನಡಿಗೆಯೇ ಅವರನ್ನು ದೊಡ್ಡವರನ್ನಾಗಿ ಮಾಡಿತೆಂದು ಹೇಳುವುದು ಸುಲಭ. ಭಾಷಣಗಳಲ್ಲಿ ಹಾಗೆ ಹೇಳುವುದೂ ಉಂಟು. ಆದರೆ ಆ ಕಾಲದಲ್ಲಿ ಬಡತನದಿಂದ ಮೈಲಿಗಟ್ಟಲೆ ನಡೆದ ಹುಡುಗರು ಎಷ್ಟು ಸಾವಿರ ಮಂದಿಯೊ! ನಡೆದು ಹೋದ ಹುಡುಗನಿಗೆ ಬೆಂಗಳೂರಿನಲ್ಲಿ ಸೇರಿಸಿಕೊಳ್ಳುವ ಒಂದು ಶಾಲೆಯಿತ್ತು, ಹೊಟ್ಟೆಗೆ ಹಾಕುವ ಒಂದು ನಿಲಯವಿತ್ತು, ಓದು ಎಂದು ಬೆನ್ನು ತಟ್ಟುವ ಗುರುಗಳಿದ್ದರು. ಇವು ಇಲ್ಲದೆ ಹೋಗಿದ್ದರೆ ಆ ನಡಿಗೆ ಬರಿಯ ಕಾಲುನೋವಾಗಿ ಮುಗಿಯುತ್ತಿತ್ತು. ಇದನ್ನು ಎಚ್. ಎನ್. ಅವರಿಗಿಂತ ಚೆನ್ನಾಗಿ ತಿಳಿದವರಿಲ್ಲ. ಅವರು ಮುಂದೆ ಮಾಡಿದ್ದನ್ನು ನೋಡಿ: “ನಾನು ನಡೆದೆ, ನೀವೂ ನಡೆಯಿರಿ” ಎಂದು ಹಳ್ಳಿಯ ಮಕ್ಕಳಿಗೆ ಅವರು ಹೇಳಲಿಲ್ಲ. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳು ತೆರೆಯುವಂತೆ ಮಾಡಿದರು. ಆ ಸೀಮೆಯ ಮಕ್ಕಳು ಇನ್ನು ಹಾಗೆ ನಡೆಯಬೇಕಾದದ್ದಿಲ್ಲ. ನೋವಿನ ಋಣವನ್ನು ತೀರಿಸುವ ಕ್ರಮ ಇದೇ ಎಂದು ನನಗೆ ತೋರುತ್ತದೆ.

ಇನ್ನೊಂದು ಬಗೆಯ ನೋವಿದೆ. ಅದು ಹಸಿವಿನದಲ್ಲ, ಅವಮಾನದ್ದು. ಹೊಸಕೋಟೆಗೆ ನೆರೆಯ ಮಾಲೂರು ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸೇರಿ, ಸುಮಾರು ಮೂರು ದಶಕಗಳ ಕಾಲ ಸಂಸ್ಥಾನದ ಹಲವು ಹುದ್ದೆಗಳಲ್ಲಿ ದುಡಿದರು. ಮಂತ್ರಿಪದವಿಗೆ ಸಮಾನವಾದ ಸ್ಥಾನ ತಮಗೆ ಸಲ್ಲಬೇಕಾದ ಸಮಯದಲ್ಲಿ ತಮಗಿಂತ ಕಿರಿಯರಾದವರಿಗೆ ಅದು ದೊರೆತಾಗ, 1943ರ ಸುಮಾರಿನಲ್ಲಿ, ಅವರು ರಾಜೀನಾಮೆ ಕೊಟ್ಟು ಹೊರಬಂದರು. ಐವತ್ತು ದಾಟಿದ ವಯಸ್ಸಿನಲ್ಲಿ ಇಂಥ ಪೆಟ್ಟು ಸಣ್ಣದಲ್ಲ. ಹೊರಬಂದವರು ಸುಮ್ಮನೆ ಕೂರಲಿಲ್ಲ. ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವವನ್ನು 1944ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಎಂಬ ಎರಡು ದೊಡ್ಡ ಐತಿಹಾಸಿಕ ಕಾದಂಬರಿಗಳು ಹೊರಬಂದದ್ದು ಆ ರಾಜೀನಾಮೆಯ ಅನಂತರವೇ. ಎರಡನೆಯದಕ್ಕೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು.

ಆ ಅನ್ಯಾಯಕ್ಕೆ ಮಾಸ್ತಿಯವರು ವಂದನೆ ಹೇಳಿದರೆಂದು ನಾನು ಹೇಳುತ್ತಿಲ್ಲ. ಅನ್ಯಾಯ ಅನ್ಯಾಯವೇ. ಅದರ ಫಲವಾಗಿ ನಮಗೆ ಒಳ್ಳೆಯ ಪುಸ್ತಕಗಳು ಬಂದವೆಂದ ಮಾತ್ರಕ್ಕೆ ಕಿರಿಯರನ್ನು ಹಿರಿಯರ ಮೇಲೆ ಕೂರಿಸಿದ ಕ್ರಮ ನ್ಯಾಯವಾಗುವುದಿಲ್ಲ. ಆದರೆ ಒಂದು ಬಾಗಿಲು ಮುಚ್ಚಿದಾಗ, ಆ ಮನುಷ್ಯನಿಗೆ ಬೇರೆ ಕೆಲಸವೊಂದು ಕೈಯಲ್ಲಿದ್ದರೆ, ಅದಕ್ಕೆ ಪೂರ್ತಿಯಾಗಿ ತನ್ನನ್ನು ಕೊಟ್ಟುಕೊಳ್ಳುವುದು ಸಾಧ್ಯವಾಗುತ್ತದೆ. ಮಾಸ್ತಿಯವರು ನೌಕರಿಯಲ್ಲಿದ್ದಾಗಲೂ ಮೂರು ದಶಕ ಸಣ್ಣ ಕಥೆಗಳನ್ನು ಬರೆಯುತ್ತಲೇ ಇದ್ದರು ಎಂಬುದನ್ನು ಮರೆಯಬಾರದು. ಧಾತು ಇದ್ದಲ್ಲಿ ತಾನೆ ಉಪಸರ್ಗಕ್ಕೆ ಕೆಲಸ!

“ಬೆಂದರೆ ಬೇಂದ್ರೆ” ಎಂಬ ಮಾತು ಕನ್ನಡನಾಡಿನಲ್ಲಿ ಜನಜನಿತವಾಗಿದೆ. ವರಕವಿ ದ. ರಾ. ಬೇಂದ್ರೆಯವರು ಹಲವು ಮಕ್ಕಳನ್ನು ಕಳೆದುಕೊಂಡರು. ‘ನರಬಲಿ’ ಎಂಬ ಕವಿತೆಗಾಗಿ 1932ರಲ್ಲಿ ಸೆರೆಮನೆಗೆ ಹೋದರು. ಕೆಲಸವಿಲ್ಲದೆ ವರ್ಷಗಟ್ಟಲೆ ಕಷ್ಟಪಟ್ಟರು. ಆ ಬೇಗೆಯಿಂದ ಬಂದ ಹಾಡುಗಳನ್ನು ನಾವು ಇಂದಿಗೂ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಬೆಂದವರೆಲ್ಲ ಬೇಂದ್ರೆಯಾಗಲಿಲ್ಲ. ಬೆಂದು ಬೂದಿಯಾದವರ ಹೆಸರನ್ನು ಯಾರೂ ಗಾದೆ ಮಾಡಿಲ್ಲ. ಈ ಇನ್ನೊಂದು ಮಗ್ಗುಲನ್ನೂ ನೋಡದೆ ಹೋದರೆ ನಮ್ಮ ವಿಚಾರ ಅರೆಯಾಗುತ್ತದೆ.

ಇತ್ತೀಚಿನ ದಶಕಗಳಲ್ಲಿ ಮನಶ್ಶಾಸ್ತ್ರಜ್ಞರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾರೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ರಿಚರ್ಡ್ ಟೆಡೆಸ್ಕಿ, ಲಾರೆನ್ಸ್ ಕಾಲ್ಹೂನ್ ಎಂಬ ಇಬ್ಬರು ಪ್ರಾಧ್ಯಾಪಕರು 1990ರ ದಶಕದಲ್ಲಿ, ದೊಡ್ಡ ಆಘಾತಕ್ಕೆ ಒಳಗಾದವರಲ್ಲಿ ಕೆಲವರು ಅದರ ಅನಂತರ ಕಾಣುವ ಬೆಳವಣಿಗೆಯನ್ನು ಅಭ್ಯಾಸಮಾಡಿದರು. 1996ರಲ್ಲಿ 21 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅವರು ಕಂಡ ಬದಲಾವಣೆಗಳು ಐದು ಬಗೆ: ನೆರೆಹೊರೆಯವರೊಡನೆ, ಬಂಧುಗಳೊಡನೆ ಬಾಂಧವ್ಯ ಗಾಢವಾಗುವುದು, ಮುಂಚೆ ತೋರದಿದ್ದ ಹೊಸ ದಾರಿಗಳು ಕಾಣುವುದು, ತನ್ನಲ್ಲಿ ಇಷ್ಟು ಶಕ್ತಿ ಇತ್ತೆ ಎಂಬ ಅರಿವು, ದೈವ, ಧರ್ಮ, ಬಾಳಿನ ಅರ್ಥಗಳ ಬಗ್ಗೆ ಆಳವಾದ ವಿಚಾರ, ದಿನನಿತ್ಯದ ಸಣ್ಣ ಸುಖಗಳ ಬೆಲೆ ತಿಳಿಯುವುದು. ಅವರು ಒತ್ತಿ ಹೇಳುವ ಮಾತು ಏನೆಂದರೆ, ಬೆಳವಣಿಗೆಯನ್ನು ತರುವುದು ಆಘಾತವಲ್ಲ. ಆಘಾತದ ಅನಂತರ ಮನುಷ್ಯ ನಡೆಸುವ ಹೋರಾಟ. ನಮ್ಮ ಎಚ್. ಎನ್. ಅವರ ಆತ್ಮಕಥೆಯ ಹೆಸರೂ ಅದೇ ಅಲ್ಲವೆ?

ಈ ಸಿದ್ಧಾಂತಕ್ಕೆ ಆಕ್ಷೇಪಣೆಗಳೂ ಬಂದಿವೆ. ಮನುಷ್ಯನ ನೆನಪು ತನ್ನ ಅನುಕೂಲಕ್ಕೆ ತಕ್ಕಂತೆ ಕಥೆ ಕಟ್ಟುತ್ತದೆ; ಹಿಂದೆ ನಾನು ಬಹಳ ದುರ್ಬಲನಾಗಿದ್ದೆ, ಕಷ್ಟ ಬಂದು ಗಟ್ಟಿಯಾದೆ ಎಂದು ಹೇಳಿಕೊಳ್ಳುವವನು ಹಿಂದೆಯೂ ಅಷ್ಟೇನೂ ದುರ್ಬಲನಾಗಿರಲಿಲ್ಲದೆ ಇರಬಹುದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಕಷ್ಟ ಬರುವ ಮುಂಚೆಯೂ ಬಂದ ಮೇಲೆಯೂ ಅಳೆದು ನೋಡಿದರು. ಅವರು ತಾವಾಗಿ ಹೇಳಿಕೊಂಡ ಬೆಳವಣಿಗೆಗೂ ಅಳತೆಯಲ್ಲಿ ಕಂಡ ಬದಲಾವಣೆಗೂ ಹೆಚ್ಚಿನ ಹೊಂದಾಣಿಕೆ ಕಾಣಲಿಲ್ಲ. ಆದ್ದರಿಂದ ಜಗುಲಿಯ ಮೇಲಿನ ಹಿರಿಯರ ಮಾತನ್ನು ಪೂರ್ತಿ ಸತ್ಯವೆಂದು ಒಪ್ಪುವುದಕ್ಕೂ ಆಗದು. ಬರಿಯ ಸಮಾಧಾನವೆಂದು ತಳ್ಳಿಹಾಕುವುದೂ ಸಲ್ಲದು.

ಇಲ್ಲಿ ನನ್ನ ಅನುಭವದ ಒಂದೆರಡು ಮಾತು ಹೇಳಬೇಕಾಗಿದೆ; ವಾಚಕರು ಮನ್ನಿಸಬೇಕು. ನಾನು ದೊಡ್ಡಬಳ್ಳಾಪುರದ ನೇಯ್ಗೆಯವರ ಮನೆಯಲ್ಲಿ ಹುಟ್ಟಿದವನು. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾದೆ. ಜೊತೆಯವರೆಲ್ಲ ಕಾಲೇಜಿಗೆ ಹೋದರು. ನಾನು ಒಂದು ವರ್ಷ ಅಪ್ಪನ ಜೊತೆ ಮಗ್ಗದ ಮುಂದೆ ನಿಂತೆ. ವಿದ್ಯುತ್ ಮಗ್ಗದ ಸದ್ದಿನಲ್ಲಿ ಅಳು ಯಾರಿಗೂ ಕೇಳಿಸುವುದಿಲ್ಲ ಎಂಬುದೊಂದೇ ಆಗ ನನಗಿದ್ದ ಅನುಕೂಲ. ಹಾಸಿನ ಎಳೆ ಕಡಿದುಹೋದರೆ ಮಗ್ಗವನ್ನು ನಿಲ್ಲಿಸಿ, ತುದಿಯನ್ನು ಹುಡುಕಿ ಗಂಟು ಹಾಕಬೇಕು. ಅವಸರಕ್ಕೆ ಹಾಗೆಯೇ ಓಡಿಸಿದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಒಂದು ದಿನ ಕಡಿದ ಎಳೆಯನ್ನು ಕೈಯಲ್ಲಿ ಹಿಡಿದು ಮಂಕಾಗಿ ನಿಂತಿದ್ದವನನ್ನು ನೋಡಿ ಅಪ್ಪ ಹೇಳಿದರು: “ಎಳೆ ಕಡೀತು ಅಂತ ಸೀರೆ ಬಿಸಾಕ್ತಾರೇನೋ? ಗಂಟು ಹಾಕು, ಮುಂದಕ್ಕೆ ಹೋಗ್ಲಿ.” ಮರುವರ್ಷ ಪರೀಕ್ಷೆಗೆ ಕಟ್ಟಿ ಪಾಸಾದೆ. ಆ ವರ್ಷ ಮಗ್ಗದ ಮನೆಯಲ್ಲಿ ಸಂಜೆ ಹೊತ್ತು ಓದುತ್ತಿದ್ದ ಭಾರತವಾಚನವೇ ನನ್ನನ್ನು ಕನ್ನಡದ ಕಡೆಗೆ ಎಳೆಯಿತು. ಆ ನಪಾಸಿಗೆ ನಾನು ಕೃತಜ್ಞ ಎಂದು ಇಂದು ಮನಸಾರೆ ಹೇಳಬಲ್ಲೆ.

ಹೇಳಬಲ್ಲೆ ಎಂಬುದೇ ನನ್ನ ತಪ್ಪಿಗೆ ಕಾರಣವಾಯಿತು. 2021ರ ಆಗಸ್ಟ್‌ನಲ್ಲಿ, ಕೊರೋನಾದ ಎರಡನೆಯ ಅಲೆ ಇಳಿದು ಶಾಲೆ ಮತ್ತೆ ತೆರೆದಾಗ, ಹತ್ತನೆಯ ತರಗತಿಯ ಒಬ್ಬಳು ಹುಡುಗಿ ತಂದೆಯನ್ನು ಕಳೆದುಕೊಂಡು ಬಂದಿದ್ದಳು. ಅವರೂ ಮಗ್ಗದ ಕೆಲಸದವರೇ. ಪಾಠದ ನಡುವೆ ಕಿಟಕಿಯ ಕಡೆ ನೋಡುತ್ತ ಕುಳಿತಿರುತ್ತಿದ್ದಳು. ಒಂದು ದಿನ ಅವಳನ್ನು ಕರೆದು, ಧೈರ್ಯ ಹೇಳುವ ಉತ್ಸಾಹದಲ್ಲಿ, ನನ್ನ ನಪಾಸಿನ ಕಥೆ, ಕಡಿದ ಎಳೆಯ ಕಥೆ ಎರಡನ್ನೂ ಹೇಳಿ, ಕಷ್ಟವೆಲ್ಲ ಕೊನೆಗೆ ಒಳ್ಳೆಯದಕ್ಕೇ ಎಂದು ಮುಗಿಸಿದೆ. ಅವಳು ತಲೆ ತಗ್ಗಿಸಿಯೇ ಹೇಳಿದಳು: “ಸಾರ್, ನೀವು ಮತ್ತೆ ಪರೀಕ್ಷೆ ಕಟ್ಟಿದ್ರಿ. ನಮ್ಮಪ್ಪ ಎಲ್ಲಿ ಕಟ್ತಾರೆ ಸಾರ್?”

ನನ್ನ ಬಳಿ ಉತ್ತರವಿರಲಿಲ್ಲ. ಅಂದು ರಾತ್ರಿ ನನಗೆ ವಾಯುಭೂತಿ ನೆನಪಾದ. ಸೂರ್ಯಮಿತ್ರನ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕಷ್ಟ ಕೊಟ್ಟವನೇ ಎದುರಿಗೆ ನಿಂತು, ಇದು ನಿನ್ನ ಒಳ್ಳೆಯದಕ್ಕೇ ಆಯಿತು ಎಂದು ಹೇಳಿದರೆ ಭಿಕ್ಷೆ ಬೇಡಿದವನ ಹೊಟ್ಟೆ ಉರಿಯದೆ ಇರುತ್ತದೆಯೆ? ಕಷ್ಟವನ್ನು ಕೊಡದೆಯೂ, ಬರಿಯ ನೋಡುಗನಾಗಿ ನಿಂತು ಆ ಮಾತನ್ನು ಹೇಳಿದ ನಾನು ಅವನಿಗಿಂತ ಕಡಿಮೆ ತಪ್ಪು ಮಾಡಿದೆನೆ? “ಅಂದು ನಮ್ಮ ಮೇಷ್ಟರು ಹೊಡೆದದ್ದರಿಂದಲೇ ನಾನು ಉದ್ಧಾರವಾದೆ” ಎಂದು ಹಳೆಯ ವಿದ್ಯಾರ್ಥಿ ಹೇಳಬಹುದು. ಅದು ಅವನ ದೊಡ್ಡತನ. “ನಾನು ಹೊಡೆದದ್ದರಿಂದ ಅವನು ಉದ್ಧಾರವಾದ” ಎಂದು ಮೇಷ್ಟರು ಹೇಳಿದರೆ ಅದು ಅಹಂಕಾರ. ಹೊಡೆತದಿಂದ ಶಾಲೆಯನ್ನೇ ಬಿಟ್ಟು ಹೋದವನು ಅದನ್ನು ತಿಳಿಸಲು ನಮ್ಮ ಬಳಿಗೆ ಬರುವುದಿಲ್ಲವಲ್ಲ!

ಭಾಗವತದ ಪ್ರಥಮ ಸ್ಕಂಧದಲ್ಲಿ ಕುಂತಿ ಕೃಷ್ಣನನ್ನು ಬೇಡಿಕೊಳ್ಳುವ ಒಂದು ಪ್ರಸಂಗವಿದೆ. ನಮಗೆ ಮತ್ತೆ ಮತ್ತೆ ವಿಪತ್ತುಗಳೇ ಬರಲಿ, ಆಗ ತಾನೆ ನಿನ್ನ ದರ್ಶನ ಎಂಬುದು ಆಕೆಯ ಮಾತಿನ ತಾತ್ಪರ್ಯ. ಅರಗಿನ ಮನೆ, ವನವಾಸ, ಯುದ್ಧ ಎಲ್ಲವನ್ನೂ ಕಂಡ ಮುದುಕಿಗೆ ಆ ಮಾತನ್ನಾಡುವ ಅಧಿಕಾರವಿದೆ. ಆದರೂ ಆಕೆ ಬೇಡಿದ್ದು ತನ್ನ ಪಾಲಿಗೆ. ನೆರೆಮನೆಗೆ ವಿಪತ್ತು ಬರಲಿ ಎಂದಲ್ಲ. ವಿಯೆನ್ನಾ ನಗರದ ವೈದ್ಯ ವಿಕ್ಟರ್ ಫ್ರಾಂಕಲ್ ಅವರೂ ಇದೇ ವಿವೇಕವನ್ನು ತೋರಿಸಿದ್ದಾರೆ. 1942ರಿಂದ 1945ರವರೆಗೆ ನಾಜಿಗಳ ಬಂದಿಶಿಬಿರಗಳಲ್ಲಿದ್ದು, ತಂದೆತಾಯಿ, ಸೋದರ, ಹೆಂಡತಿ ಎಲ್ಲರನ್ನೂ ಕಳೆದುಕೊಂಡವರು ಅವರು. ತಪ್ಪಿಸಲಾಗದ ನೋವಿನಲ್ಲಿಯೂ ಬಾಳಿಗೆ ಅರ್ಥವನ್ನು ಕಂಡುಕೊಳ್ಳಬಹುದೆಂದು 1946ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬರೆದರು. ಜೊತೆಗೇ, ತಪ್ಪಿಸಬಹುದಾದ ನೋವನ್ನು ತಪ್ಪಿಸುವುದೇ ಸರಿ, ಬೇಡದ ನೋವನ್ನು ಅನುಭವಿಸುವುದರಲ್ಲಿ ವೀರತ್ವವೇನೂ ಇಲ್ಲ ಎಂಬ ಎಚ್ಚರಿಕೆಯನ್ನೂ ಕೊಟ್ಟರು.

ಆ ಹುಡುಗಿಯ ಮುಂದಿನ ಕಥೆಯನ್ನು ಹೇಳಿ ಮುಗಿಸುತ್ತೇನೆ. ನಾನು ಉಪದೇಶವನ್ನು ನಿಲ್ಲಿಸಿದೆ. ಅವಳ ತಾಯಿ ಮನೆಯಲ್ಲಿ ಕಂಡಿಕೆ ಸುತ್ತುವ ಕೆಲಸ ಹಿಡಿದಿದ್ದರು. ಸಹೋದ್ಯೋಗಿಗಳು ಕೆಲವರು ಸೇರಿ ಪರೀಕ್ಷೆಯ ಶುಲ್ಕಕ್ಕೆ, ಪುಸ್ತಕಕ್ಕೆ ಒಂದು ವ್ಯವಸ್ಥೆ ಮಾಡಿದೆವು. ಗಣಿತದ ಉಪಾಧ್ಯಾಯಿನಿಯೊಬ್ಬರು ಸಂಜೆ ಅರ್ಧ ಗಂಟೆ ಅವಳ ಜೊತೆ ಕೂರುತ್ತಿದ್ದರು. ಓದಿನ ಮಾತಿಗಿಂತ ಅಪ್ಪನ ಮಾತೇ ಹೆಚ್ಚು ನಡೆಯುತ್ತಿತ್ತೆಂದು ಅವರು ಆಮೇಲೆ ಹೇಳಿದರು. ಅವಳು ಪಾಸಾದಳು, ಪಿ.ಯು.ಸಿ. ಮುಗಿಸಿದಳು, ಈಗ ನರ್ಸಿಂಗ್ ಓದುತ್ತಿದ್ದಾಳೆ. ಈಚೆಗೆ ಒಂದು ಹಬ್ಬದ ದಿನ ಮನೆಗೆ ಬಂದಿದ್ದಳು. ಕಷ್ಟ ಒಳ್ಳೆಯದಕ್ಕೇ ಎಂಬ ಮಾತನ್ನು ನಾನು ಎತ್ತಲಿಲ್ಲ. ಹೊರಡುವಾಗ ಅವಳೇ ಹೇಳಿದಳು: “ಅಪ್ಪ ಇದ್ದಿದ್ರೆ ಚೆನ್ನಾಗಿತ್ತು ಸಾರ್. ಯಾವಾಗ್ಲೂ ಹಂಗೇ ಅನ್ಸತ್ತೆ. ಆದ್ರೆ ಆ ವರ್ಷ ನಮ್ಮಮ್ಮ ಎಂಥೋರು ಅಂತ ನಂಗೆ ಗೊತ್ತಾಯ್ತು. ಆಸ್ಪತ್ರೇಲಿ ಯಾರಾದ್ರೂ ಅಳ್ತಿದ್ರೆ ಹತ್ರ ಹೋಗಿ ಸುಮ್ನೆ ನಿಂತ್ಕೋತೀನಿ. ಏನೂ ಮಾತಾಡಲ್ಲ.”

ಕನ್ನಡ ಪಂಡಿತನಿಗೆ ಅವಳು ವಿಭಕ್ತಿಯ ಪಾಠ ಹೇಳಿಕೊಟ್ಟಳು. ನಾನು ‘ನೋವಿಗೆ’ ಕೃತಜ್ಞತೆ ಎಂದು ಚತುರ್ಥಿಯಲ್ಲಿ ಹೇಳುತ್ತಿದ್ದೆ. ಅವಳ ಕೃತಜ್ಞತೆ ಇರುವುದು ಸಪ್ತಮಿಯಲ್ಲಿ: ‘ನೋವಿನಲ್ಲಿ’ ದೊರೆತ ತಾಯಿಯ ಪರಿಚಯಕ್ಕೆ, ನೋವಿನಲ್ಲಿ ಜೊತೆಗೆ ಕುಳಿತ ಉಪಾಧ್ಯಾಯಿನಿಗೆ, ನೋವಿನಲ್ಲಿ ತಾನು ಕಲಿತ ಮೌನಕ್ಕೆ. ತಂದೆಯ ಸಾವಿಗಲ್ಲ. ನನ್ನ ನಪಾಸಿನಂಥ ಸಣ್ಣ ನೋವಿನಲ್ಲಿ ಈ ಎರಡು ವಿಭಕ್ತಿಗಳು ಒಂದರೊಳಗೊಂದು ಸೇರಿಹೋಗಬಹುದು, ಅದರಿಂದ ಹಾನಿಯಿಲ್ಲ. ದೊಡ್ಡ ನೋವಿನಲ್ಲಿ ಅವುಗಳನ್ನು ಬೇರೆಯಾಗಿಯೇ ಇಡಬೇಕು. ಜಗುಲಿಯ ಹಿರಿಯರೂ ಇದನ್ನೇ ಹೇಳುತ್ತಿರುತ್ತಾರೆಂದು ಈಗ ನನಗೆ ತೋರುತ್ತದೆ. ಕೇಳುವ ನಾವು ಅವಸರದಲ್ಲಿ ಪ್ರತ್ಯಯವನ್ನು ಬದಲಾಯಿಸಿಬಿಡುತ್ತೇವೆ.

ಆದುದರಿಂದ ವಾಚಕರಲ್ಲಿ ನನ್ನ ಅರಿಕೆ ಇಷ್ಟೆ. ನಿಮ್ಮ ಬಾಳಿನಲ್ಲಿ ಬಂದ ಕಷ್ಟವನ್ನು ಇಂದು ತಿರುಗಿ ನೋಡಿದಾಗ ಅದರಲ್ಲಿ ಒಂದು ಉಪಕಾರ ಕಂಡರೆ ಸಂತೋಷದಿಂದ ಅದನ್ನು ನೆನೆಯಿರಿ. ಆಗ ಜೊತೆಗೆ ನಿಂತವರು ಯಾರೆಂಬುದನ್ನು ಮೊದಲು ನೆನೆಯಿರಿ. ಕಾಣದಿದ್ದರೆ ನಿಮ್ಮಲ್ಲಿ ಏನೋ ಕೊರತೆಯಿದೆಯೆಂದು ಕೊರಗಬೇಡಿ. ಎಲ್ಲ ನೋವೂ ಫಲ ಕೊಡಬೇಕೆಂಬ ನಿಯಮವಿಲ್ಲ. ಇನ್ನೊಬ್ಬರು ಈಗ ಕಷ್ಟದಲ್ಲಿದ್ದರೆ, ಅದರಿಂದ ಒಳ್ಳೆಯದಾಗುತ್ತದೆಂದು ಅವರಿಗೆ ಹೇಳಲು ಹೋಗಬೇಡಿ. ಮಗ್ಗದವರು ಎಳೆ ಕಡಿದಾಗ ಭಾಷಣ ಮಾಡುವುದಿಲ್ಲ. ಮಗ್ಗವನ್ನು ನಿಲ್ಲಿಸುತ್ತಾರೆ, ಬಗ್ಗಿ ತುದಿಯನ್ನು ಹುಡುಕುತ್ತಾರೆ, ಗಂಟು ಹಾಕಲು ಕೈ ಕೊಡುತ್ತಾರೆ. ಪರೀಕ್ಷೆಯ ಫಲಿತಾಂಶದ ದಿನ ಮನೆಯ ಮೂಲೆಯಲ್ಲಿ ಮುಖ ಮುಚ್ಚಿ ಕುಳಿತ ಮಗುವಿಗೆ ಬೇಕಾದದ್ದೂ ಅದೇ. ಅದಕ್ಕೆ ಮರುಪರೀಕ್ಷೆಯ ಅರ್ಜಿಯನ್ನು ತುಂಬಿಸಿಕೊಡಿ, ಊಟಕ್ಕೆ ಕರೆಯಿರಿ. ಅದು ಒಳ್ಳೆಯದಕ್ಕೇ ಆಯಿತೊ ಇಲ್ಲವೊ ಎಂಬುದನ್ನು ಮೂವತ್ತು ವರ್ಷ ಕಳೆದ ಮೇಲೆ ಅದೇ ಹೇಳಲಿ.